ಚಂಪಕತ್ತೆ ಫೇಲಾದದ್ದು

ನಮ್ಮೂರಿನಲ್ಲಿ ಕನ್ನಡ ಉಂಟು, ಕನ್ನಡಕ ಇಲ್ಲ. ಊರಬಾಗಿಲಲ್ಲಿ ಒಂದು ಚೌಕಿಯಿದೆ; ಹೊರಗಿನಿಂದ ಬರುವವರು ಮೂಗಿನ ಮೇಲಿನದ್ದನ್ನು ಅಲ್ಲಿ ಬಿಚ್ಚಿಟ್ಟು, ಬದಲಿಗೆ ಒಂದು ಕಿತ್ತಳೆಹಣ್ಣು ಪಡೆದು ಒಳಗೆ ಬರಬೇಕು. ವಾಪಸು ಹೋಗುವಾಗ ಕನ್ನಡಕ ಸಿಗುತ್ತದೆ. ತಮ್ಮದೇ ಸಿಗುತ್ತದೆಯೋ ಇಲ್ಲವೋ ಅನ್ನುವುದು ಅವರವರ ಅದೃಷ್ಟ, ಏಕೆಂದರೆ ಹುಡುಕಿಕೊಡುವ ಕಾವಲುಗಾರನೂ ನಮ್ಮೂರಿನವನೇ. ಬೆಳಿಗ್ಗೆ ಸೈರನ್ ಕೂಗಿದ ಕೂಡಲೇ ಇಡೀ ಊರು ಕಿತ್ತಳೆ ಸುಲಿಯುತ್ತದೆ. ಅನುಕೂಲಸ್ಥರು ಚಕ್ಕೋತ ಬಿಡಿಸುತ್ತಾರೆ, ಇಲ್ಲದವರು ನಿಂಬೆಹಣ್ಣು ಚೀಪುತ್ತಾರೆ, ಮದುವೆ ಗೊತ್ತಾದ ಹುಡುಗಿಯರಿಗೆ ಮೂಸಂಬಿ. ಹುಳಿ ಒಳಗೆ ಹೋದರೆ ಕಣ್ಣು ಹೊಳೆಯುತ್ತದೆ ಎಂಬುದು ನಮ್ಮೂರಿನ ನಂಬಿಕೆಯಲ್ಲ, ಕಾನೂನು. ನಂಬಿಕೆಯಾಗಿದ್ದರೆ ಯಾರಾದರೂ ಅನುಮಾನ ಪಡಬಹುದಿತ್ತು.

ಹೀಗೆ ಕಣ್ಣು ಹೊಳೆಸಿಕೊಂಡ ಮೇಲೆ ನಾವು ಬೀದಿಗಿಳಿಯುವ ಕ್ರಮವೇ ಬೇರೆ. ಪ್ರತಿಯೊಬ್ಬರೂ ತಮ್ಮ ಹೆಸರನ್ನು ತಾವೇ ಹೇಳಿಕೊಂಡು ನಡೆಯುತ್ತಾರೆ. "ಹಾರ್ಡ್‌ವೇರ್ ಶಾಂತಪ್ಪ, ಎಡಗಡೆಯಿಂದ," "ಹೂವಿನ ಸಾಕಮ್ಮ, ತಲೆ ಮೇಲೆ ಬುಟ್ಟಿ ಐತೆ, ಬುಟ್ಟಿ ಐತೆ." ಇದಕ್ಕೆ ನಮ್ಮಲ್ಲಿ ವಿನಯ ಎಂದು ಹೆಸರು. ಗೋಡೆಗೆ ಹಣೆ ಬಡಿದರೆ ಗೋಡೆ ಸರಿದಿತ್ತು. ಎಮ್ಮೆಗೆ ಸೈಕಲ್ಲು ಗುದ್ದಿದರೆ ತಪ್ಪು ಎಮ್ಮೆಯದು, ಅದು ಹೆಸರು ಹೇಳಿಕೊಂಡಿರಲಿಲ್ಲ. ಈಚೆಗೊಂದು ಮದುವೆಯಲ್ಲಿ ಮದುಮಗಳು ಹಾರವನ್ನು ವಾಲಗದವನ ಕೊರಳಿಗೆ ಹಾಕಿಬಿಟ್ಟಳು. ಆತ ಸಂಭಾವಿತ; ತೆಗೆದು ವರನಿಗೆ ದಾಟಿಸಿ ನುಡಿಸುವುದನ್ನು ಮುಂದುವರಿಸಿದ. ಬೆಳಕು ಸಾಲದಾಯಿತು ಎಂದರು ಎಲ್ಲರೂ. ಮುಹೂರ್ತ ಇದ್ದದ್ದು ಮಟಮಟ ಮಧ್ಯಾಹ್ನಕ್ಕೆ. ಕಣ್ಣು ಕಾಣುತ್ತಿಲ್ಲ ಎಂಬ ಒಂದು ಮಾತನ್ನು ಮಾತ್ರ ಯಾರೂ ಆಡುವುದಿಲ್ಲ. ಆಡಿದವನು ಹಣ್ಣು ತಿನ್ನದೆ ತಪ್ಪಿಸಿಕೊಂಡಿದ್ದಾನೆ ಎಂದಾಗುತ್ತದೆ. ಕಣ್ಣು ಹೋದರೂ ಚಿಂತೆಯಿಲ್ಲ, ಮಾನ ಹೋಗಬಾರದು.

ದನಿಯೇ ಧನವಾದ ಇಂಥ ಊರಿನಲ್ಲಿ ನನ್ನಂಥ ಮಿಮಿಕ್ರಿಯವನು ಶ್ರೀಮಂತನೇ. ನನ್ನ ಹೆಸರು ಶ್ರೀಕಂಠ. ಊರು ಶ್ರೀಯನ್ನು ಬಿಟ್ಟು ಕಂಠವನ್ನಷ್ಟೇ ಇಟ್ಟುಕೊಂಡು ಕಂಠಿ ಎನ್ನುತ್ತದೆ. ಆಟೋದ ಮೇಲೆ ಮೈಕು ಕಟ್ಟಿಕೊಂಡು ಪುರಸಭೆಯ ಪ್ರಕಟಣೆ ಕೂಗುವುದು ನನ್ನ ಕೆಲಸ. ನೀರು ಬಿಡುವ ಸುದ್ದಿಯನ್ನು ಅಧ್ಯಕ್ಷರ ದನಿಯಲ್ಲಿ, ನೀರು ಬಿಡದಿರುವ ಸುದ್ದಿಯನ್ನು ವಿರೋಧ ಪಕ್ಷದವರ ದನಿಯಲ್ಲಿ ಕೂಗುತ್ತೇನೆ. ಬೇರೆ ಊರಿನಲ್ಲಿ ಬಿ.ಎ. ಓದಿ ಬರುವಾಗ ಎರಡು ವಸ್ತು ತಂದಿದ್ದೆ, ಒಂದು ಪದವಿ, ಇನ್ನೊಂದು ಚೌಕಿಯಲ್ಲಿ ಬಚ್ಚಿಟ್ಟು ದಾಟಿಸಿದ ಕನ್ನಡಕ. ಪದವಿಯನ್ನು ಗೋಡೆಗೆ ತೂಗುಹಾಕಿದೆ. ಕನ್ನಡಕವನ್ನು ಅವಲಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಉಪಯೋಗಕ್ಕೆ ಬಂದದ್ದು ಡಬ್ಬಿಯಲ್ಲಿದ್ದದ್ದೇ. ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಅದನ್ನು ಏರಿಸಿ ಪತ್ರಿಕೆ ಓದುತ್ತೇನೆ. ನನಗೆ ಹೊಟ್ಟೆ ಸರಿಯಿಲ್ಲ ಎಂದು ಅಕ್ಕಪಕ್ಕದವರು ಮರುಗುತ್ತಾರೆ.

ನನ್ನನ್ನು ಸಾಕಿದವಳು ಚಂಪಕತ್ತೆ, ಅಪ್ಪನ ಅಕ್ಕ. ಊರಿಗೆ ಅವಳು ಬರೀ ಅತ್ತೆಯಲ್ಲ, ಮಾರ್ಕು. ಪ್ರಾಯದಲ್ಲಿ ಬೆಳೆಗಾರರ ಸಂಘದ ವೇದಿಕೆ ಹತ್ತಿ, ಎಲ್ಲರೆದುರು ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದ್ದಳಂತೆ. ಅಂದಿನಿಂದ ಊರಿನ ಪ್ರತಿ ಹಣ್ಣಿನ ಪೆಟ್ಟಿಗೆಯ ಮೇಲೆ ಅವಳ ಚಿತ್ರ: ಎರಡು ಜಡೆ, ದೊಡ್ಡ ಕಣ್ಣು, ಕೈಯಲ್ಲಿ ಸೂಜಿ, ಕೆಳಗೆ 'ಚಂಪಕ ಮಾರ್ಕ್ ಕಿತ್ತಳೆ'. ಈಗಲೂ ಸಂಘದ ಹಬ್ಬದಲ್ಲಿ ಅವಳಿಂದ ದಾರ ಪೋಣಿಸಿಸುತ್ತಾರೆ. ಮೊದಲೇ ಪೋಣಿಸಿದ ಸೂಜಿಯನ್ನು ಅವಳ ಕೈಗೆ ಕೊಡುತ್ತಾರೆ, ಅವಳು ದಾರವನ್ನು ಎಳೆದು ತೋರಿಸುತ್ತಾಳೆ, ಜನ ಚಪ್ಪಾಳೆ ತಟ್ಟುತ್ತಾರೆ. ಸೂಜಿ ಯಾರಿಗೂ ಕಾಣದಿರುವುದರಿಂದ ಯಾರಿಗೂ ಮೋಸವಿಲ್ಲ.

ಒಂದು ದಿನ ಊಟಕ್ಕೆ ಬಡಿಸುವಾಗ ಅತ್ತೆ ಕುದಿಯುವ ಸಾರನ್ನು ನನ್ನ ತಟ್ಟೆಗೆಂದು ತನ್ನ ಎಡಗೈಯ ಮೇಲೆ ಸುರಿದುಕೊಂಡಳು. ಮೊಣಕೈವರೆಗೆ ಬೊಬ್ಬೆ. ನಾನು ತಣ್ಣೀರಿಗೆ ಓಡುತ್ತಿದ್ದರೆ ಅವಳು ಹಲ್ಲು ಕಚ್ಚಿಕೊಂಡು, "ತಟ್ಟೆ ಯಾಕೋ ಸರಿಸ್ದೆ?" ಎಂದು ನನ್ನನ್ನೇ ಬೈದಳು.

"ನಾನು ಮುಟ್ಟಿಲ್ಲ ಅತ್ತೆ. ನಿಂಗೆ ಕಾಣ್ತಿಲ್ಲ."

"ಹೋದ ಸಲ ಊರಿನ ಕಣ್ಣು ಪರೀಕ್ಷೇಲಿ ಏಳೂ ಸಾಲು ಓದಿದೋಳು ನಾನು. ಕಾಣಲ್ವಂತೆ."

ನನ್ನ ನಗೆಚಾಟಿಕೆ ಅಲ್ಲಿಗೆ ನಿಂತಿತು. ಸೀರೆ ಕೊಡಿಸುತ್ತೇನೆಂದು ಸುಳ್ಳು ಹೇಳಿ ಅವಳನ್ನು ಬಸ್ಸು ಹತ್ತಿಸಿ, ನಾನು ಓದಿದ ಊರಿನ ಕಣ್ಣಿನಾಸ್ಪತ್ರೆಗೆ ಕರೆದುಕೊಂಡು ಹೋದೆ. ಅಂಗಡಿಯಲ್ಲಿ ಇಷ್ಟು ಡೆಟಾಲ್ ವಾಸನೆ ಯಾಕೆ ಎಂದು ಅವಳು ಕೇಳುವಷ್ಟರಲ್ಲಿ ಡಾಕ್ಟರ್ ಫರ್ಹಾನಾ ಅವಳ ಗಲ್ಲವನ್ನು ಯಂತ್ರದ ಮೇಲೆ ಇರಿಸಿ ಆಗಿತ್ತು.

"ಎರಡೂ ಕಣ್ಣಲ್ಲಿ ಪೊರೆ ಬಂದಿದೆ, ಚೆನ್ನಾಗಿ ಬಲಿತುಬಿಟ್ಟಿದೆ," ಎಂದರು ಡಾಕ್ಟರು. "ಈಗ ತೆಗೆದ್ರೆ ಕಾಣುತ್ತೆ. ಇನ್ನೂ ಬಿಟ್ರೆ ಕಣ್ಣೊಳಗೆ ಒತ್ತಡ ಏರಬಹುದು. ಆಮೇಲೆ ತೆಗೆದ್ರೂ ಕಾಣದೇ ಹೋಗಬಹುದು."

"ದಿನಾ ಕಿತ್ತಳೆ ತಿಂತೀನಲ್ಲ, ಡಾಕ್ಟ್ರಮ್ಮ," ಎಂದಳು ಅತ್ತೆ, ವಕೀಲರು ಕೊನೆಯ ಸಾಕ್ಷಿಯನ್ನು ಮುಂದಿಡುವ ಹಾಗೆ.

"ತಿನ್ನಿ, ಒಳ್ಳೇದೇ. ಮೈಗೆ ಒಳ್ಳೇದು, ಕಣ್ಣೂ ಮೈಯಲ್ಲೇ ಇರೋದಲ್ವಾ. ಒಂದಿಷ್ಟು ಸಹಾಯ ಆಗಿದ್ರೂ ಆಗಿರಬಹುದು. ಆದ್ರೆ ಬಂದಿರೋ ಪೊರೆ ಹಣ್ಣು ತಿಂದ್ರೆ ಹೋಗಲ್ಲ. ಹಣ್ಣಿನ ಸಿಪ್ಪೆ ನೀವು ಸುಲ್ಕೊಳ್ಳಿ, ಕಣ್ಣಿನ ಪೊರೆ ನಾನು ತೆಗೀತೀನಿ."

ಅತ್ತೆ ಎದ್ದು ನಿಂತು ಬಾಗಿಲೆಂದುಕೊಂಡು ಬೀರುವಿನ ಹಿಡಿ ಹಿಡಿದಳು. ವಾಪಸು ಬಸ್ಸು ಹತ್ತಿದೆವು. ಊರಬಾಗಿಲಿನ ಕಿತ್ತಳೆ ವಾಸನೆ ಬಂದ ಮೇಲೆ ಬಾಯಿ ಬಿಟ್ಟಳು. "ನೋಡೋ ಕಂಠಿ, ಬರೋ ಪರೀಕ್ಷೇಲಿ ನಾನು ಫೇಲಾದ್ರೆ ನೀನು ಹೇಳಿದ ಕಡೆ ಬಂದು ಕಣ್ಣು ಕೊಯ್ಸ್ಕೋತೀನಿ. ಪಾಸಾದ್ರೆ ಇನ್ನೊಂದ್ಸಲ ಆ ಸೀರೆ ಅಂಗಡಿ ಹೆಸರು ಎತ್ತಕೂಡದು. ಮಾತು ಕೊಡು."

ಕೊಟ್ಟೆ. ಬೇರೆ ದಾರಿಯೇನಿತ್ತು? ಕೊಟ್ಟ ಮೇಲೆ ನೆನಪಾಯಿತು, ನಮ್ಮೂರಿನಲ್ಲಿ ಆ ಪರೀಕ್ಷೆಯಲ್ಲಿ ಇದುವರೆಗೆ ಯಾರೂ ಫೇಲಾಗಿಲ್ಲ.

ಪರೀಕ್ಷೆ ಎಂದರೆ ಸಮುದಾಯ ಭವನದ ವೇದಿಕೆಯ ಮೇಲೆ ನೇತುಹಾಕುವ ಒಂದು ತಗಡಿನ ಬೋರ್ಡು. ಮೇಲೆ ಕುಂಬಳಕಾಯಿಯಷ್ಟು ದೊಡ್ಡ 'ಅ', ಅದರ ಕೆಳಗೆ 'ರ, ಗ', ಅದರ ಕೆಳಗೆ 'ಸ, ಮ, ದ', ಹೀಗೆ ಇಳಿಯುತ್ತಾ ಏಳನೆಯ ಸಾಲಿಗೆ ಅಕ್ಷರಗಳು ಇರುವೆಯಾಗುತ್ತವೆ. ಡ್ರಾಯಿಂಗ್ ಕಲಿಸಿ ನಿವೃತ್ತರಾದ ರಾಚಪ್ಪ ಮೇಷ್ಟ್ರು ಬಿದಿರುಕೋಲಿನಿಂದ ಒಂದೊಂದು ಅಕ್ಷರಕ್ಕೂ ಟಕ್ ಎಂದು ಕುಟ್ಟುತ್ತಾರೆ, ಪರೀಕ್ಷೆಗೆ ನಿಂತವರು ಓದಬೇಕು. ಬೋರ್ಡು ನಮ್ಮ ಅಜ್ಜಂದಿರ ಕಾಲದ್ದು. ಒಂದಕ್ಷರವೂ ಬದಲಾಗಿಲ್ಲ. ತೊಟ್ಟಿಲು ತೂಗುವಾಗ ಅದನ್ನೇ ಹಾಡುತ್ತಾರೆ, ಹುಡುಗಿಯರು ಹಗ್ಗದಾಟ ಆಡುವಾಗ ಅದನ್ನೇ ಎಣಿಸುತ್ತಾರೆ, ಕುಡಿದವರು ತಮಗೆ ಏರಿಲ್ಲ ಎಂದು ತೋರಿಸಲು ಅದನ್ನೇ ಒಪ್ಪಿಸುತ್ತಾರೆ. ಟಕ್ ಎಂದರೆ ಸಾಕು, ನಮ್ಮೂರಿನವರ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಓದಿ ಮುಗಿದ ಮೇಲೆ ಮೇಷ್ಟ್ರು "ಪಾಸ್ ಅಂತಾಯ್ತು" ಎಂದು ಒಂದು ಹಳದಿ ಬಿಲ್ಲೆ ಚುಚ್ಚುತ್ತಾರೆ, ಕೆಲವು ಸಲ ಅಂಗಿಗೆ, ಕೆಲವು ಸಲ ಚರ್ಮಕ್ಕೆ.

ಪರೀಕ್ಷೆಯ ಹಿಂದಿನ ದಿನ ಸಂಘದ ಅಧ್ಯಕ್ಷ ಹಾಲಪ್ಪನವರು ನಮ್ಮ ಜಗಲಿಗೆ ಬಂದರು. ಹಾಲಪ್ಪ ಎಂದು ಹೆಸರಿಟ್ಟುಕೊಂಡು ಊರಿಗೆಲ್ಲ ಹುಳಿ ಮಾರುವ ಈ ಮನುಷ್ಯ ಇಷ್ಟು ವರ್ಷವಾದರೂ ಒಡೆದಿಲ್ಲ ಎಂಬುದೇ ಒಂದು ಪವಾಡ.

"ಮೇಷ್ಟ್ರ ಗಂಟಲು ಕಟ್ಕೊಂಡ್ಬಿಟ್ಟಿದೆ ಕಂಠಿ. ಒಂದಕ್ಷರ ಹೊರಡ್ತಿಲ್ಲ," ಎಂದರು.

"ಪರವಾಗಿಲ್ಲ ಬಿಡಿ. ಕೋಲಿದೆ, ಬಿಲ್ಲೆ ಇದೆ, ಮೇಷ್ಟ್ರೂ ಇರ್ತಾರೆ."

"ದನಿ ಇಲ್ದೆ ಹೋದ್ರೆ ಅವರು ಮೇಷ್ಟ್ರು ಅಂತ ಜನಕ್ಕೆ ಗೊತ್ತಾಗೋದು ಹೆಂಗಪ್ಪ? ನೀನು ಪರದೆ ಹಿಂದೆ ಮೈಕ್ ಇಟ್ಕೊಂಡು ಕೂತ್ಕೊ. ಅವರು ಬಾಯಾಡಿಸ್ತಾರೆ, ನೀನು ಮಾತಾಡು. ಊರಿನ ಮರ್ಯಾದೆ ಪ್ರಶ್ನೆ."

ಪರೀಕ್ಷಕನ ದನಿ ನನ್ನದಾದರೆ ಪ್ರಶ್ನೆಯೂ ನನ್ನದೇ. ಹಾಲಪ್ಪನವರಿಗೆ ಅವರದೇ ದನಿಯಲ್ಲಿ "ಆಗಲಿ, ಊರಿನ ಮರ್ಯಾದೆ ಪ್ರಶ್ನೆ" ಎಂದೆ. ತಮ್ಮ ಮಾತು ತಮಗೇ ಒಪ್ಪಿಗೆಯಾದಂತೆ ತಲೆದೂಗಿ ಹೋದರು.

ಮರುದಿನ ಅವಲಕ್ಕಿ ಡಬ್ಬಿಯಿಂದ ಕನ್ನಡಕ ತೆಗೆದು ಬನಿಯನ್ನಿನೊಳಗೆ ಸಿಕ್ಕಿಸಿಕೊಂಡು ಹೋದೆ. ಭವನಕ್ಕೆ ಹೊಸದಾಗಿ ಸುಣ್ಣ ಹೊಡೆದಿದ್ದರು. ಪರದೆಯ ಹಿಂದೆ ಕೂತು, ಯಾರಿಗೂ ಕಾಣುವುದಿಲ್ಲ ಎಂಬ ಧೈರ್ಯದಿಂದ ಕನ್ನಡಕ ಏರಿಸಿ, ಸಂದಿಯಿಂದ ವೇದಿಕೆಯತ್ತ ನೋಡಿದೆ. ಸುಣ್ಣ ಹೊಡೆದವರು ಬೋರ್ಡನ್ನು ಹಿಂದುಮುಂದಾಗಿ ನೇತುಹಾಕಿದ್ದರು. ಅಕ್ಷರವೆಲ್ಲ ಗೋಡೆಯ ಕಡೆಗೆ. ನಮ್ಮ ಕಡೆಗೆ ತುಕ್ಕು ಹಿಡಿದ ತಗಡು, ಅಡ್ಡಡ್ಡ ಹೊಡೆದ ಎರಡು ಮರದ ಪಟ್ಟಿ, ನಾಲ್ಕಾರು ಮೊಳೆ. ಅದರ ಮುಂದೆ ಹಾರ್ಡ್‌ವೇರ್ ಶಾಂತಪ್ಪ ಎದೆಯುಬ್ಬಿಸಿ ನಿಂತು, ಮೇಷ್ಟ್ರು ಕುಟ್ಟಿದ ತುಕ್ಕಿಗೆಲ್ಲ ಒಂದೊಂದು ಅಕ್ಷರ ಓದುತ್ತಿದ್ದರು. ಮೊಳೆ ಮಾರುವವರಿಗೂ ಮೊಳೆ ಕಾಣಲಿಲ್ಲ.

ಏನು ಮಾಡಲಿ? "ಪಾಸ್ ಅಂತಾಯ್ತು" ಎಂದೆ ಮೇಷ್ಟ್ರ ಮೂಗುದನಿಯಲ್ಲಿ. ಆಮೇಲೆ ಸಾಕಮ್ಮ ಬಂದರು, ಬುಟ್ಟಿ ಇಳಿಸದೆಯೇ ಓದಿದರು. ಸ್ವತಃ ಹಾಲಪ್ಪನವರು ಬಂದು, ಏಳನೆಯ ಸಾಲನ್ನು ಮೇಷ್ಟ್ರ ಕೋಲಿಗಿಂತ ಮೊದಲೇ ಮುಗಿಸಿ, "ಈ ಸಲ ಅಕ್ಷರ ಭಾಳ ಸ್ಪಷ್ಟವಾಗಿದೆ, ಸುಣ್ಣ ಹೊಡೆಸಿದ್ದಕ್ಕೆ ಸಾರ್ಥಕ," ಎಂದರು. ಇಷ್ಟು ದೊಡ್ಡ ತಮಾಷೆಯನ್ನು ಒಬ್ಬನೇ ನುಂಗಿಕೊಂಡು ಕೂತ ನನಗೆ ಹೊಟ್ಟೆ ನಿಜವಾಗಿಯೂ ಕೆಟ್ಟಿತು.

ಚಂಪಕತ್ತೆಯ ಸರದಿ ಬಂದಾಗ ಚಪ್ಪಾಳೆಯೇ ಚಪ್ಪಾಳೆ. ಸುಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಮೆಟ್ಟಿಲುಗಳನ್ನು ಪಾದದಿಂದ ತಡವಿ ಹತ್ತಿ ನಿಂತಳು. ಟಕ್ಕಿಗೆ ಟಕ್ಕು ಓದಿದಳು. ಅವಳ ಬಾಯಲ್ಲಿ ಅಕ್ಷರಗಳು ತೊಟ್ಟಿಲ ಹಾಡಿನಂತೆ ಬಂದವು. ನನಗೂ ಅವಳೇ ಹಾಡಿದ್ದು. ಏಳೂ ಸಾಲು ಮುಗಿದು ಜನ ನನ್ನ "ಪಾಸ್"ಗೆ ಕಾದರು.

"ಕೆಳಗಿಂದ ಮೇಲಕ್ಕೆ ಓದೋದು ಅಂತಾಯ್ತು," ಎಂದೆ ಮೇಷ್ಟ್ರ ದನಿಯಲ್ಲಿ. ತಮ್ಮ ಬಾಯಿಂದ ಬಂದ ಹೊಸ ಮಾತಿಗೆ ಮೇಷ್ಟ್ರೇ ಬೆಚ್ಚಿ ಕೋಲು ಕೆಳಗಿಳಿಸಿದರು. ಅತ್ತೆ ಕೆಳಗಿಂದ ಮೇಲಕ್ಕೂ ಓದಿಬಿಟ್ಟಳು, ಒಂದೂ ತಪ್ಪಿಲ್ಲ. ಜನಕ್ಕೆ ಹುಚ್ಚು ಹಿಡಿದ ಹಾಗಾಯಿತು.

"ನನ್ನ ಎಡಗೈಲಿ ಏನಿದೆ, ಹೇಳೋದು ಅಂತಾಯ್ತು." ಮೇಷ್ಟ್ರು ಪಾಪ, ಗಂಟಲಿಗೆಂದು ಇಟ್ಟುಕೊಂಡಿದ್ದ ಹಣ್ಣನ್ನು ಎತ್ತಿ ಹಿಡಿದರು. ಅತ್ತೆ ಮೂಗರಳಿಸಿದಳು. "ಕಿತ್ತಳೆ. ನಮ್ಮೂರಿಂದಲ್ಲ, ಸಂತೇದು." ಇನ್ನೂ ಜೋರು ಚಪ್ಪಾಳೆ.

ನನ್ನ ಬತ್ತಳಿಕೆ ಖಾಲಿ. ಇನ್ನೊಂದು "ಪಾಸ್ ಅಂತಾಯ್ತು" ಅಂದರೆ ಅವಳ ಕಣ್ಣಿಗೆ ನಾನೇ ಬೀಗ ಹಾಕಿದಂತೆ. ಅನ್ನದೆ ಕೂತೆ, ಎಂಜಲು ನುಂಗಿದೆ. ಅತ್ತೆಯ ತಲೆ ಥಟ್ಟನೆ ಪರದೆಯ ಕಡೆ ತಿರುಗಿತು. ಎರಡು ಹೆಜ್ಜೆ ಬಂದು ಬಗ್ಗಿ, ಬಟ್ಟೆಗೆ ಬಾಯಿಟ್ಟು ಮೆಲ್ಲಗೆ ಕೇಳಿದಳು. "ಮೇಷ್ಟ್ರ ದನೀಲಿ ಎಂಜಲು ನುಂಗ್ತಿರೋದು ಯಾರೋ? ಚಿಕ್ಕೋನಿದ್ದಾಗ ಬೆಲ್ಲ ಕದ್ದು ಸಿಕ್ಕಾಕ್ಕೊಂಡಾಗ ಹಿಂಗೇ ನುಂಗ್ತಿದ್ದೆ."

"ನಾನೇ ಅತ್ತೆ."

"ನಾನು ಓದಿದ್ದು ಸರಿ ಇತ್ತಾ?"

ಊರಿನ ಎಲ್ಲರ ದನಿ ನನಗೆ ಬರುತ್ತದೆ. ಆ ಗಳಿಗೆಯಲ್ಲಿ ಒಂದೂ ಬರಲಿಲ್ಲ. ಉಳಿದಿದ್ದ ನನ್ನ ದನಿಯಲ್ಲೇ ಹೇಳಿದೆ. "ಬೋರ್ಡು ಗೋಡೆ ಕಡೆ ಮುಖ ಮಾಡ್ಕೊಂಡಿದೆ ಅತ್ತೆ. ಈ ಕಡೆ ಬರೀ ತಗಡು. ಬೆಳಗ್ಗಿಂದ ಎಲ್ಲರೂ ತಗಡು ಓದ್ತಿದ್ದಾರೆ."

ಮೈಕು ಆಫ್ ಮಾಡಿರಲಿಲ್ಲ ಎಂಬುದು ಗೊತ್ತಾದದ್ದು, ನನ್ನ ಮಾತು ಭವನದ ನಾಲ್ಕೂ ಮೂಲೆಯ ಸ್ಪೀಕರಿನಿಂದ ನನಗೇ ವಾಪಸು ಬಂದಾಗ. ಎಲ್ಲರ ಕೈ ಅವರವರ ಬಿಲ್ಲೆಯ ಮೇಲೆ ಹೋಯಿತು. ಅತ್ತೆ ಗೋಡೆಯ ಕಡೆಗೆ ನಡೆದಳು, ಕೈ ಚಾಚಿಕೊಂಡು. ಬೋರ್ಡು ಸಿಕ್ಕಿತು. 'ಅ' ಇರಬೇಕಾದ ಕಡೆ ಅಂಗೈಯಿಟ್ಟು ಸವರಿದಳು. ಮರದ ಪಟ್ಟಿ. ಇನ್ನೂ ಕೆಳಗೆ ಸವರಿದಳು. ಮೊಳೆಯ ತಲೆ, ತುಕ್ಕಿನ ಪುಡಿ. ಬೆರಳಿನ ಪುಡಿಯನ್ನು ಮೂಸಿದಳು. ಆಮೇಲೆ ಜನರತ್ತ ತಿರುಗಿದಳು, ತಿರುಗಿದ್ದು ತುಸು ಹೆಚ್ಚೇ ಆಗಿ ಕಿಟಕಿಯ ಕಡೆಗೆ ಮುಖ ಹೋಯಿತು. "ನಾನು ಫೇಲು," ಎಂದಳು.

"ಏನಿದು ಚಂಪಕಮ್ಮ," ಎಂದು ಹಾಲಪ್ಪನವರು ಎದ್ದರು. "ಏಳೂ ಸಾಲು ಓದಿದ್ರಲ್ಲ, ಹಿಂದುಮುಂದೂ ಓದಿದ್ರಿ."

"ಓದಿದೆ ಕಣಪ್ಪ. ಅದಕ್ಕೇ ಫೇಲು."

ಅಧ್ಯಕ್ಷರಾದವರಿಗೆ ಇದಕ್ಕೂ ಉತ್ತರ ತೋಚದೆ ಇರುವುದುಂಟೇ? ಕೂಡಲೇ ಅಲ್ಲೇ ಸಭೆ ನಡೆಸಿದರು. ಬೋರ್ಡು ತಿರುಗಿದೆ ಎಂದು ಹೇಳಿದ ದನಿ ಮೇಷ್ಟ್ರದಲ್ಲವಾದ್ದರಿಂದ ಅದು ಅಧಿಕೃತವಲ್ಲ. ಪಾಸ್ ಮಾಡಿದ ದನಿ ಮೇಷ್ಟ್ರದ್ದೇ ಆದ್ದರಿಂದ ಅದು ಅಧಿಕೃತ. ಬೋರ್ಡನ್ನು ಸರಿಯಾಗಿ ತಿರುಗಿಸಿದರೆ ಮೊದಲು ತಪ್ಪಿತ್ತು ಎಂದಾಗುತ್ತದೆ, ಆದ್ದರಿಂದ ಇದ್ದ ಹಾಗೇ ಇರಲಿ. ಚಂಪಕಮ್ಮನವರು ವಯಸ್ಸಿನ ದೆಸೆಯಿಂದ ಫೇಲೆಂದು ಹೇಳಿಕೊಂಡಿದ್ದನ್ನು ಊರು ದೊಡ್ಡ ಮನಸ್ಸಿನಿಂದ ಕೇಳಿಸಿಕೊಂಡಿಲ್ಲ. ಇಷ್ಟಾಗಿ ಎಲ್ಲರೂ ಹಣ್ಣು ತಿಂದು ಮನೆಗೆ ಹೋದರು, ಹೆಸರು ಹೇಳಿಕೊಳ್ಳುತ್ತಾ.

ಅತ್ತೆ ಮಾತಿಗೆ ತಪ್ಪುವವಳಲ್ಲ. ಆ ವಾರವೇ "ಸೀರೆ ಅಂಗಡಿಗೆ ನಡಿ" ಎಂದಳು. ಡಾಕ್ಟರ್ ಫರ್ಹಾನಾ ಮೊದಲು ಒಂದು ಕಣ್ಣು, ಕೆಲವು ವಾರ ಬಿಟ್ಟು ಇನ್ನೊಂದು ಕಣ್ಣು, ಎರಡರ ಪೊರೆಯನ್ನೂ ತೆಗೆದರು. ಎರಡನೆಯ ಸಲ ವಾಪಸು ಬರುವಾಗ ಅವಳ ಮುಖದ ಮೇಲೆ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕವಿತ್ತು. ಚೌಕಿಯ ಕಾವಲುಗಾರ ಅವಳ ಕಡೆ ಅಂದಾಜಿನಲ್ಲಿ ತಿರುಗಿ, "ಮೂಗಿನ ಮೇಲೆ ಏನಾದ್ರೂ ಐತಾ ಅತ್ತೆ?" ಎಂದ. "ಕೋಪ," ಎಂದಳು ಅತ್ತೆ. ಅವನು ದಾರಿ ಬಿಟ್ಟ.

ಮನೆಯಲ್ಲಿ ಕಪ್ಪು ಕನ್ನಡಕ ತೆಗೆದ ದಿನ ಅವಳು ಮೊದಲು ನೋಡಿದ್ದು ಅಡುಗೆಮನೆಯ ಗೋಡೆಯ ಮಸಿಯನ್ನು. ಇಂಥ ಮನೆಯಲ್ಲಿ ಇಷ್ಟು ವರ್ಷ ಬದುಕಿದೆನಲ್ಲ ಎಂದು ನನಗೆ ಬೈಗುಳ. ಆಮೇಲೆ ಜಗಲಿಯಲ್ಲಿದ್ದ ಹಣ್ಣಿನ ಪೆಟ್ಟಿಗೆಯ ಚಿತ್ರವನ್ನು ಬಹಳ ಹೊತ್ತು ನೋಡಿ, "ಯಾರೋ ಈ ಹುಡುಗಿ? ಒಂದು ಕಣ್ಣು ಮೇಲೆ, ಒಂದು ಕೆಳಗೆ. ಚಿತ್ರ ಬರೆದೋನೂ ನಮ್ಮೂರೋನೇ ಇರಬೇಕು," ಎಂದಳು. ಸಂಘದ ಹಬ್ಬದಲ್ಲಿ ಎಂದಿನಂತೆ ಪೋಣಿಸಿದ ಸೂಜಿ ಕೊಟ್ಟರೆ, ದಾರ ಎಳೆದುಹಾಕಿ, ಬರೀ ಸೂಜಿಯನ್ನು ಬೆಳಕಿಗೆ ಹಿಡಿದು, ಒಂದೇ ಸಲಕ್ಕೆ ತಾನೇ ಪೋಣಿಸಿದಳು. ನೋಡಿದವನು ನಾನೊಬ್ಬ, ಪರದೆಯ ಹಿಂದಿನಿಂದ. ಉಳಿದವರು ಎಂದಿನಷ್ಟೇ ಚಪ್ಪಾಳೆ ತಟ್ಟಿದರು.

ಮತ್ತೆ ಪರೀಕ್ಷೆ ಬಂತು. ಮೇಷ್ಟ್ರ ಗಂಟಲು ಸರಿಯಾಗಿತ್ತು, ಬೋರ್ಡು ಗೋಡೆಯ ಕಡೆಗೇ ಇತ್ತು. ಊರೆಲ್ಲ ಓದಿ ಪಾಸಾಯಿತು. ಅತ್ತೆಯ ಸರದಿಯಲ್ಲಿ ಮೇಷ್ಟ್ರು ಟಕ್ ಎಂದು ಕುಟ್ಟಿದರು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ತಗಡು," ಎಂದಳು. ಮೇಷ್ಟ್ರು ಕೆಮ್ಮಿ ಮತ್ತೆ ಕುಟ್ಟಿದರು. "ತುಕ್ಕು. ಅದರ ಪಕ್ಕ ಮೊಳೆ. ಆ ಮೂಲೇಲಿ ಒಂದು ಹಲ್ಲಿ ಕೂತಿದೆ ಮೇಷ್ಟ್ರೇ, ಕೋಲು ಹುಷಾರು, ಬಾಲ ಉದುರಿಸೀತು." ಭವನದಲ್ಲಿ ಅಯ್ಯೋ ಪಾಪ ಎಂಬ ಲೊಚಗುಟ್ಟುವಿಕೆ ಎದ್ದಿತು. ಇಂಥ ಹೆಂಗಸಿಗೆ ಇಂಥ ಗತಿ ಬಂತಲ್ಲ ಎಂದು ಸಾಕಮ್ಮ ಕಣ್ಣೊರೆಸಿಕೊಂಡರು.

"ಫೇಲ್ ಅಂತಾಯ್ತು," ಎಂದರು ಮೇಷ್ಟ್ರು. ಊರಿನ ಇತಿಹಾಸದಲ್ಲೇ ಮೊದಲ ಫೇಲು. ಹಾಲಪ್ಪನವರು ಕರುಣೆಯಿಂದ, ಇನ್ನಾದರೂ ಹೊಟ್ಟೆತುಂಬ ತಿನ್ನಲಿ ಎಂದು ಒಂದು ಬುಟ್ಟಿ ಕಿತ್ತಳೆ ದಂಡ ಹಾಕಿದರು.

ದಂಡದ ಬುಟ್ಟಿಯನ್ನು ಭವನದ ಮೆಟ್ಟಿಲ ಮೇಲಿಟ್ಟುಕೊಂಡು ಇಬ್ಬರೂ ಕೂತೆವು. ಅತ್ತೆ ಒಂದು ಹಣ್ಣನ್ನು ಸುಲಿದು, ತೊಳೆಯೊಂದನ್ನು ಬಿಸಿಲಿಗೆ ಹಿಡಿದು, ಒಳಗಿನ ಬೀಜವನ್ನು, ನರದಂಥ ಬಿಳಿ ನಾರನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಎಷ್ಟು ಚೆನ್ನಾಗಿದೆಯೋ ಇದು. ಇಷ್ಟು ವರ್ಷ ನೋಡ್ದೆ ತಿಂದೆ," ಎಂದು ಬಾಯಿಗೆ ಹಾಕಿಕೊಂಡಳು. ಅವಳು ನಗಲೆಂದು ನಾನು ಹಾಲಪ್ಪನವರ ದನಿ ತೆಗೆದೆ: "ತಿನ್ನಿ ಚಂಪಕಮ್ಮ, ಚೆನ್ನಾಗಿ ತಿನ್ನಿ, ಊರಿನ ಮರ್ಯಾದೆ ಪ್ರಶ್ನೆ."

ಅವಳು ನಗಲಿಲ್ಲ. ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡತೊಡಗಿದಳು. ಸುಟ್ಟ ಕಲೆಯಿದ್ದ ಕೈಯಿಂದ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು, ಆ ತೊಳೆಯನ್ನು ತಿರುಗಿಸಿದ ಹಾಗೆಯೇ.

"ಇನ್ನೊಂದ್ಸಲ ಮಾಡು," ಎಂದಳು. "ನೀನು ಬರೀ ದನಿ ಮಾಡ್ತೀಯ ಅಂದ್ಕೊಂಡಿದ್ದೆ. ಮುಖಾನೂ ಮಾಡ್ತೀಯೇನೋ?"